ವಾಣಿಜ್ಯ ಕಟ್ಟಡಕ್ಕೆ ಜನರೇಟರ್ ಮತ್ತು ಚೇಂಜ್‌ಓವರ್ ಸ್ವಿಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಅಂಗಡಿ ಸಮುಚ್ಚಯ, ಲಾಡ್ಜ್, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ ಅಥವಾ ಕಚೇರಿ ಕಟ್ಟಡ ಕಟ್ಟಿಸುವವರು ಜನರೇಟರ್ ಖರೀದಿಯ ಹಂತದಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಲೆಕ್ಕಗಳೆಲ್ಲ 415 ವೋಲ್ಟ್‌ನ ಮೂರು ಫೇಸ್ ಡೀಸೆಲ್ ಜನರೇಟರ್‌ಗೆ ಅನ್ವಯಿಸುತ್ತವೆ. ಚೇಂಜ್‌ಓವರ್ ಸ್ವಿಚ್ ಎಂದರೆ ಕಟ್ಟಡದ ಲೋಡ್ ಅನ್ನು ಮೇನ್ಸ್‌ನಿಂದ (ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್‌ನಿಂದ) ಜನರೇಟರ್‌ಗೂ, ಮತ್ತೆ ಮರಳಿ ಮೇನ್ಸ್‌ಗೂ ಬದಲಿಸುವ ಸ್ವಿಚ್.

ಕಟ್ಟಡ ಎಷ್ಟು ಚದರಡಿ ಎಂದು ಹೇಳಿದರೆ ಎಷ್ಟು ಕೆವಿಎ ಬೇಕೆಂದು ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಒಂದೇ ಅಳತೆಯ ಎರಡು ಮಹಡಿಗಳಲ್ಲಿ ಒಂದು ಕಡೆ ಸ್ಟೇಷನರಿ ಅಂಗಡಿ, ಇನ್ನೊಂದು ಕಡೆ ಎಸಿ ಹಾಕಿದ ರೋಗಪತ್ತೆ ಕೇಂದ್ರ ಇದ್ದರೆ ಅವುಗಳ ವಿದ್ಯುತ್ ಅಗತ್ಯ ಹಲವು ಪಟ್ಟು ಬೇರೆಯಾಗಿರುತ್ತದೆ. ಪಕ್ಕದ ಕಟ್ಟಡದವರು 125 ಕೆವಿಎ ಹಾಕಿಸಿದ್ದಾರೆ ಎಂಬುದೂ ಆಧಾರವಾಗುವುದಿಲ್ಲ. ಯಾವ ಯಾವ ಉಪಕರಣಗಳು ಜನರೇಟರ್ ಮೇಲೆ ನಡೆಯಬೇಕು, ಅವುಗಳಲ್ಲಿ ಒಂದೇ ಹೊತ್ತಿಗೆ ಎಷ್ಟು ನಡೆಯುತ್ತವೆ, ಮೋಟಾರ್‌ಗಳು ಹೇಗೆ ಸ್ಟಾರ್ಟ್ ಆಗುತ್ತವೆ ಎಂಬ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳದೆ ಹೇಳುವ ಯಾವ ಸಂಖ್ಯೆಯೂ ಊಹೆಯೇ.

ಕಿಲೋವ್ಯಾಟ್‌ಗೂ ಕೆವಿಎಗೂ ಇರುವ ವ್ಯತ್ಯಾಸ ಖರೀದಿದಾರರಿಗೆ ಏಕೆ ಮುಖ್ಯ?

ಜನರೇಟರ್ ಎಂದರೆ ಒಂದೇ ಚೌಕಟ್ಟಿನ ಮೇಲೆ ಕುಳಿತ ಎರಡು ಯಂತ್ರಗಳು. ಡೀಸೆಲ್ ಎಂಜಿನ್‌ನ ಮಿತಿ ಕಿಲೋವ್ಯಾಟ್‌ನಲ್ಲಿ ಇರುತ್ತದೆ. ಆಲ್ಟರ್ನೇಟರ್‌ನ ಮಿತಿ ಕೆವಿಎಯಲ್ಲಿ, ಅಂದರೆ ಅದರ ಸುರುಳಿಗಳಲ್ಲಿ ಹರಿಯಬಹುದಾದ ಕರೆಂಟಿನಲ್ಲಿ ಇರುತ್ತದೆ. ಮೂರು ಫೇಸ್ ಸೆಟ್‌ಗಳನ್ನು ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಭಾಗ ಕಿಲೋವ್ಯಾಟ್ ಎಂಬ ಅನುಪಾತ) ಲೆಕ್ಕದಲ್ಲಿ ಮಾರುವುದರಿಂದ 100 ಕೆವಿಎ ಸೆಟ್ ಕೊಡುವುದು 80 ಕಿಲೋವ್ಯಾಟ್ ಮಾತ್ರ. ಕಟ್ಟಡದ ಪವರ್ ಫ್ಯಾಕ್ಟರ್ 0.95 ಇದೆ ಎಂದ ಮಾತ್ರಕ್ಕೆ ಅದೇ ಸೆಟ್ಟಿನಿಂದ 95 ಕಿಲೋವ್ಯಾಟ್ ತೆಗೆಯಲಾಗದು. ಆಲ್ಟರ್ನೇಟರ್ ತಡೆದುಕೊಂಡರೂ ಎಂಜಿನ್ ಎಳೆಯುವುದಿಲ್ಲ. ಆದ್ದರಿಂದ ಲೆಕ್ಕವನ್ನು ಎರಡೂ ಮಾನಗಳಲ್ಲಿ ಮಾಡಿ, ಎರಡರಲ್ಲಿ ಯಾವುದು ದೊಡ್ಡ ಸೆಟ್ಟನ್ನು ಕೇಳುತ್ತದೆಯೋ ಅದನ್ನು ಹಿಡಿಯಬೇಕು.

ಜೆಸ್ಕಾಂ ಬಿಲ್‌ನಲ್ಲಿರುವ ಮಂಜೂರಾದ ಲೋಡ್ ಅನ್ನೇ ಆಧಾರವಾಗಿ ತೆಗೆದುಕೊಳ್ಳಬಹುದೇ?

ಮಂಜೂರಾದ ಲೋಡ್ ನೀವು ಕೇಳಿ ಪಡೆದ ಅನುಮತಿಯ ಮಿತಿ. ನೀವು ನಿಜವಾಗಿ ಬಳಸುವ ಪ್ರಮಾಣ ಅದಕ್ಕಿಂತ ಕಡಿಮೆ ಇರಬಹುದು, ಕೆಲವೊಮ್ಮೆ ಹೆಚ್ಚೂ ಇರಬಹುದು. ಕಟ್ಟಡ ಈಗಾಗಲೇ ಬಳಕೆಯಲ್ಲಿದ್ದರೆ ಬಿಲ್‌ನಲ್ಲಿ ದಾಖಲಾದ ಗರಿಷ್ಠ ಬೇಡಿಕೆ ಅದಕ್ಕಿಂತ ಉಪಯುಕ್ತ. ಆದರೆ ಅದನ್ನು ಡಿಸೆಂಬರ್ ಬಿಲ್‌ನಿಂದ ತೆಗೆದುಕೊಂಡರೆ ಪ್ರಯೋಜನವಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳ ಬಿಲ್‌ಗಳನ್ನೇ ಹುಡುಕಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಎಸಿಗಳ ಕಂಪ್ರೆಸರ್‌ಗಳು ಬಿಡುವಿಲ್ಲದೆ ಓಡುವುದು ಆಗಲೇ.

ಈ ಸಂಖ್ಯೆಗೂ ಒಂದು ಕೊರತೆಯಿದೆ. ಮೀಟರ್ ಹಲವು ನಿಮಿಷಗಳ ಸರಾಸರಿಯನ್ನು ದಾಖಲಿಸುತ್ತದೆಯೇ ಹೊರತು ಮೋಟಾರ್ ಸ್ಟಾರ್ಟ್ ಆಗುವ ಒಂದೆರಡು ಸೆಕೆಂಡಿನ ಎಳೆತವನ್ನು ತೋರಿಸುವುದಿಲ್ಲ. ಆದ್ದರಿಂದ ಬೇಸಿಗೆಯ ಒಂದು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ, ಎಲ್ಲ ಬಾಡಿಗೆದಾರರೂ ವ್ಯಾಪಾರದಲ್ಲಿರುವಾಗ, ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರಿಂದ ಮುಖ್ಯ ಪ್ಯಾನೆಲ್‌ನಲ್ಲಿ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಹಿಡಿಸಿ ಮೂರು ಫೇಸ್‌ಗಳ ಕರೆಂಟನ್ನೂ ನ್ಯೂಟ್ರಲ್ ಕರೆಂಟನ್ನೂ ಬರೆಸಿಕೊಳ್ಳಿ. ಒಂದು ಫೇಸ್‌ನಲ್ಲಿ 95 ಆಂಪಿಯರ್, ಇನ್ನೊಂದರಲ್ಲಿ 40 ಆಂಪಿಯರ್ ಇರುವುದು ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಅಂಥ ಕಡೆ ದೊಡ್ಡ ಜನರೇಟರ್ ಕೊಳ್ಳುವ ಮೊದಲು ಲೋಡ್ ಅನ್ನು ಮೂರೂ ಫೇಸ್‌ಗಳಿಗೆ ಸಮವಾಗಿ ಹಂಚಬೇಕು, ಇಲ್ಲದಿದ್ದರೆ ಒಟ್ಟು ಲೋಡ್ ಕಡಿಮೆಯಿದ್ದರೂ ಆಲ್ಟರ್ನೇಟರ್‌ನ ಒಂದು ಫೇಸ್ ಮಾತ್ರ ಬಿಸಿಯಾಗುತ್ತದೆ.

ಒಂದು ಕಟ್ಟಡದ ಲೆಕ್ಕವನ್ನು ಮಾಡಿ ತೋರಿಸಬಹುದೇ?

ಬಳ್ಳಾರಿಯಲ್ಲಿ ಮೂರು ಮಹಡಿಯ ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳೋಣ: ಕೆಳಗೆ ಬಟ್ಟೆ ಅಂಗಡಿಗಳು, ಮೇಲೆ ಒಂದು ಬ್ಯಾಂಕ್ ಶಾಖೆ, ಅದರ ಮೇಲೆ ಕಚೇರಿಗಳು.

ದೀಪ, ಫ್ಯಾನ್ ಮತ್ತು ಪ್ಲಗ್ ಪಾಯಿಂಟ್‌ಗಳ ಒಟ್ಟು ಲೋಡ್ 18 ಕಿಲೋವ್ಯಾಟ್ ಎಂದಿಟ್ಟುಕೊಂಡರೆ, ಅವೆಲ್ಲವೂ ಒಟ್ಟಿಗೆ ಉರಿಯುವುದಿಲ್ಲವಾದ್ದರಿಂದ ಶೇಕಡಾ 70 ಹಿಡಿದು 12.6 ಕಿಲೋವ್ಯಾಟ್ ಎನ್ನಬಹುದು. ಒಂದೂವರೆ ಟನ್‌ನ 12 ಸ್ಪ್ಲಿಟ್ ಎಸಿಗಳು ತಲಾ ಸುಮಾರು 1.6 ಕಿಲೋವ್ಯಾಟ್ ಎಳೆದರೆ 19.2 ಕಿಲೋವ್ಯಾಟ್ ಆಗುತ್ತದೆ, ಇಲ್ಲಿ ಬೇರೆ ಊರಿನ ಕೋಷ್ಟಕ ನೋಡಿ ಶೇಕಡಾ 60 ಅಥವಾ 70 ಹಿಡಿಯುವುದು ತಪ್ಪಾಗುತ್ತದೆ, ನಮ್ಮ ಬೇಸಿಗೆಗೆ ಶೇಕಡಾ 90 ಹಿಡಿಯುವುದೇ ಸರಿ, ಆಗ 17.3 ಕಿಲೋವ್ಯಾಟ್. 10 ಎಚ್‌ಪಿ ಮೋಟಾರ್‌ನ ಲಿಫ್ಟ್‌ಗೆ ನಷ್ಟವನ್ನೂ ಸೇರಿಸಿ 8.5 ಕಿಲೋವ್ಯಾಟ್, 5 ಎಚ್‌ಪಿ ನೀರಿನ ಪಂಪ್‌ಗೆ 4.4 ಕಿಲೋವ್ಯಾಟ್, ಬ್ಯಾಂಕಿನ 10 ಕೆವಿಎ ಯುಪಿಎಸ್‌ಗೆ ಬ್ಯಾಟರಿ ಚಾರ್ಜಿಂಗ್ ಸೇರಿ 9 ಕಿಲೋವ್ಯಾಟ್. ಒಟ್ಟು 51.8 ಕಿಲೋವ್ಯಾಟ್.

ಇದನ್ನು 0.8ರಿಂದ ಭಾಗಿಸಿದರೆ ಸುಮಾರು 65 ಕೆವಿಎ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ 62.5 ಕೆವಿಎ ಸೆಟ್ 50 ಕಿಲೋವ್ಯಾಟ್‌ಗೇ ನಿಲ್ಲುವುದರಿಂದ ಸಾಲದು. 82.5 ಕೆವಿಎ ಸೆಟ್ 66 ಕಿಲೋವ್ಯಾಟ್ ಕೊಡುತ್ತದೆ, ನಮ್ಮ ಲೋಡ್ ಅದರ ಶೇಕಡಾ 78ರಷ್ಟಾಗುತ್ತದೆ. ಇದು ಒಳ್ಳೆಯ ಸ್ಥಿತಿ: ಎಂಜಿನ್ ಮೇಲೆ ಸಾಕಷ್ಟು ಲೋಡ್ ಇದೆ, ಮುಂದೆ ಒಬ್ಬ ಬಾಡಿಗೆದಾರ ಎರಡು ಎಸಿ ಹೆಚ್ಚಿಗೆ ಹಾಕಿಸಿಕೊಂಡರೂ ಜಾಗವಿದೆ.

ಮೋಟಾರ್ ಸ್ಟಾರ್ಟಿಂಗ್ ಅನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೇ?

ಪರಿಶೀಲಿಸಲೇಬೇಕು. ಹೆಚ್ಚಿನ ಜನರೇಟರ್‌ಗಳು ಲೆಕ್ಕದಲ್ಲಿ ಪಾಸಾಗಿ ಕೆಲಸದಲ್ಲಿ ಸೋಲುವುದು ಇಲ್ಲಿಯೇ. ನೇರವಾಗಿ ಲೈನ್‌ಗೆ ಕೊಡುವ ಡಿಒಎಲ್ ಸ್ಟಾರ್ಟರ್‌ನಲ್ಲಿ ಮೋಟಾರ್ ತನ್ನ ಪೂರ್ಣ ಲೋಡ್ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಮೇಲಿನ ಉದಾಹರಣೆಯ 5 ಎಚ್‌ಪಿ ಪಂಪ್ ಸುಮಾರು 7.5 ಆಂಪಿಯರ್‌ನದು, ಸ್ಟಾರ್ಟ್ ಆಗುವಾಗ 45 ಆಂಪಿಯರ್, ಅಂದರೆ ಸುಮಾರು 32 ಕೆವಿಎ. ಇದನ್ನು 82.5 ಕೆವಿಎ ಸೆಟ್ ನಿಭಾಯಿಸುತ್ತದೆ. ಆದರೆ ಅದೇ ಕಟ್ಟಡದಲ್ಲಿ 20 ಎಚ್‌ಪಿ ಪಂಪ್ ಡಿಒಎಲ್‌ನಲ್ಲಿದ್ದರೆ 28 ಆಂಪಿಯರ್‌ನ ಮೋಟಾರ್ ಒಂದು ಕ್ಷಣಕ್ಕೆ 168 ಆಂಪಿಯರ್, ಸುಮಾರು 120 ಕೆವಿಎ ಕೇಳುತ್ತದೆ. ಆಗ ಎಂಜಿನ್‌ನ ಸದ್ದು ಕುಗ್ಗುತ್ತದೆ, ದೀಪಗಳು ಮಂಕಾಗುತ್ತವೆ, ಪ್ಯಾನೆಲ್‌ನೊಳಗೆ ಕಾಂಟ್ಯಾಕ್ಟರ್‌ಗಳು ಪಟಪಟ ಬಡಿದುಕೊಂಡು ಬಿಟ್ಟುಬಿಡುತ್ತವೆ, ಲಿಫ್ಟ್ ನಡುವೆಯೇ ನಿಲ್ಲಬಹುದು. ಸ್ಟಾರ್ಟಿಂಗ್ ವೇಳೆ ವೋಲ್ಟೇಜ್ ಕುಸಿತ ಶೇಕಡಾ 15ರಿಂದ 20ರೊಳಗೆ ಇರುವಂತೆ ನೋಡಿಕೊಳ್ಳುವುದು ವಾಡಿಕೆ.

ಇದಕ್ಕೆ ಪರಿಹಾರವೆಂದು ಇಡೀ ಜನರೇಟರ್ ದೊಡ್ಡದು ಮಾಡುವುದು ದುಬಾರಿ ದಾರಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಲೈನ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿದು, ಅದೇ 20 ಎಚ್‌ಪಿ ಮೋಟಾರ್ ಸುಮಾರು 40 ಕೆವಿಎಗೆ ಬರುತ್ತದೆ. ಮೋಟಾರ್‌ನ ವೇಗವನ್ನು ನಿಧಾನವಾಗಿ ಏರಿಸುವ ವಿಎಫ್‌ಡಿ ಎಂಬ ನಿಯಂತ್ರಕ ಇದ್ದರೆ ಇನ್ನೂ ಸೌಮ್ಯ. ಈಗಿನ ಲಿಫ್ಟ್‌ಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸ್ಟಾರ್ಟರ್‌ಗೆ ತಗಲುವ ಖರ್ಚು ಜನರೇಟರ್ ಅಳತೆ ಹೆಚ್ಚಿಸುವ ಖರ್ಚಿಗಿಂತ ಬಹಳ ಕಡಿಮೆ. ಜೊತೆಗೆ, ಎಸಿಗಳು ಮತ್ತು ಪಂಪ್‌ಗಳು ಒಟ್ಟಿಗೆ ಮೈಮೇಲೆ ಬೀಳದಂತೆ ಟೈಮರ್ ಇಟ್ಟು ಒಂದರ ನಂತರ ಒಂದನ್ನು ಸೇರಿಸುವ ವ್ಯವಸ್ಥೆಯನ್ನೂ ಪ್ಯಾನೆಲ್‌ನವರಿಂದ ಕೇಳಿ ಮಾಡಿಸಿಕೊಳ್ಳಿ.

ಸ್ವಲ್ಪ ದೊಡ್ಡದನ್ನೇ ತೆಗೆದುಕೊಂಡರೆ ನಿಶ್ಚಿಂತೆಯಲ್ಲವೇ?

ಸ್ವಲ್ಪ ದೊಡ್ಡದು ಸರಿ. ಎರಡು ಪಟ್ಟು ದೊಡ್ಡದು ತೊಂದರೆ. ಡೀಸೆಲ್ ಎಂಜಿನ್ ಶೇಕಡಾ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಗಂಟೆಗಟ್ಟಲೆ ಓಡಿದರೆ ಸಿಲಿಂಡರ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಇಂಧನ ಪೂರ್ತಿ ಉರಿಯುವುದಿಲ್ಲ, ಉರಿಯದ ಡೀಸೆಲ್ ಮತ್ತು ಮಸಿ ಸೇರಿ ಸೈಲೆನ್ಸರ್ ಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಸಿಪಿಸಿಬಿ 4 ಪ್ಲಸ್ ಮಾನದಂಡದ ಎಂಜಿನ್‌ಗಳಲ್ಲಿ ಈ ಮಾತಿಗೆ ಇನ್ನೂ ತೂಕ ಬಂದಿದೆ, ಏಕೆಂದರೆ ಹೊಗೆ ಶುದ್ಧೀಕರಿಸುವ ಭಾಗಗಳು ಕೆಲಸ ಮಾಡಲು ಹೊಗೆ ಚೆನ್ನಾಗಿ ಬಿಸಿಯಿರಬೇಕು. 2023ರ ಜುಲೈ 1ರಿಂದ ಅನ್ವಯಿಸಿದ ಈ ಮಾನದಂಡ 800 ಕಿಲೋವ್ಯಾಟ್‌ವರೆಗಿನ ಸೆಟ್‌ಗಳಿಗೆ ಸಂಬಂಧಿಸಿದ್ದು. ಮಧ್ಯಮ ಮತ್ತು ದೊಡ್ಡ ಅಳತೆಯ ಹಲವು ಸೆಟ್‌ಗಳಿಗೆ ಡೀಸೆಲ್ ಜೊತೆಗೆ ಡಿಇಎಫ್ ಎನ್ನುವ ಯೂರಿಯಾ ದ್ರಾವಣವನ್ನೂ ತುಂಬಬೇಕಾಗುತ್ತದೆ; ಅದರ ಟ್ಯಾಂಕ್ ಎಲ್ಲಿದೆ, ಊರಿನಲ್ಲಿ ದ್ರಾವಣ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕಲ್ಯಾಣ ಮಂಟಪದವರಿಗೆ ಇಲ್ಲಿ ಒಂದು ಪ್ರತ್ಯೇಕ ಮಾತು. ಮುಹೂರ್ತದ ದಿನ ಹಾಲ್‌ನ ಎಸಿ, ಅಡುಗೆಮನೆ, ಅಲಂಕಾರದವರು ತರುವ ಸೀರಿಯಲ್ ದೀಪ ಎಲ್ಲ ಸೇರಿ ಲೋಡ್ ಏರುತ್ತದೆ. ಉಳಿದ ದಿನ ಕಚೇರಿ ಮತ್ತು ಕೆಲವು ಕೊಠಡಿಗಳು ಮಾತ್ರ. ಆ ಕೆಲವೇ ದಿನಗಳಿಗಾಗಿ ದೊಡ್ಡ ಸೆಟ್ ಕೊಂಡು ವರ್ಷವಿಡೀ ಹಗುರ ಲೋಡ್‌ನಲ್ಲಿ ಓಡಿಸುವುದಕ್ಕಿಂತ, ದಿನನಿತ್ಯದ ಲೋಡ್‌ಗೆ ತಕ್ಕ ಸೆಟ್ ಸ್ವಂತಕ್ಕೆ ಇಟ್ಟುಕೊಂಡು, ಬಾಡಿಗೆ ಜನರೇಟರ್ ಜೋಡಿಸಲು ಪ್ರತ್ಯೇಕ ಸುರಕ್ಷಿತ ಪಾಯಿಂಟ್ ಮತ್ತು ಅದಕ್ಕೆ ತಕ್ಕ ಚೇಂಜ್‌ಓವರ್ ಮಾಡಿಸಿಡುವುದು ಮೇಲು.

ನಮ್ಮ ಭಾಗದ ಬಿಸಿಲು ಮತ್ತು ಧೂಳು ಲೆಕ್ಕವನ್ನು ಬದಲಿಸುತ್ತವೆಯೇ?

ಎತ್ತರ ಬದಲಿಸುವುದಿಲ್ಲ, ಬಿಸಿಲು ಬದಲಿಸುತ್ತದೆ. ಆಲ್ಟರ್ನೇಟರ್‌ಗಳ ರೇಟಿಂಗ್ ಅನ್ನು ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1000 ಮೀಟರ್‌ವರೆಗಿನ ಎತ್ತರಕ್ಕೂ 40 ಡಿಗ್ರಿ ಸೆಲ್ಸಿಯಸ್ ಪರಿಸರಕ್ಕೂ ಕೊಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ 1000 ಮೀಟರ್‌ಗಿಂತ ಬಹಳ ಕೆಳಗಿವೆ. ಆದರೆ ಬೇಸಿಗೆಯ ಹಗಲಿನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು, ಬಿಸಿಲಿಗೆ ಕಾದ ಕ್ಯಾನೊಪಿಯ (ಸೆಟ್ಟನ್ನು ಮುಚ್ಚುವ ಪೆಟ್ಟಿಗೆಯ) ಒಳಗೆ ಅದಕ್ಕಿಂತ ಹೆಚ್ಚು. ಆದ್ದರಿಂದ 45 ಮತ್ತು 50 ಡಿಗ್ರಿಯಲ್ಲಿ ಸೆಟ್ ಎಷ್ಟು ಕಿಲೋವ್ಯಾಟ್ ಕೊಡುತ್ತದೆ ಎಂಬುದನ್ನು ತಯಾರಕರ ತಾಂತ್ರಿಕ ಹಾಳೆಯಲ್ಲೇ ನೋಡಿ, ಆ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಸೆಟ್ಟಿನ ಮೇಲೆ ಗಾಳಿಯಾಡುವ ಶೀಟ್ ನೆರಳು ಮಾಡಿಸುವುದು ಸಣ್ಣ ಖರ್ಚಿನ ದೊಡ್ಡ ಉಪಾಯ.

ಧೂಳಿನ ವಿಷಯವೂ ಅಷ್ಟೇ ಗಂಭೀರ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಸುತ್ತ ಹಾರುವ ಹತ್ತಿಯ ಎಳೆ ರೇಡಿಯೇಟರ್‌ನ ತೆಳು ರೆಕ್ಕೆಗಳ ನಡುವೆ ಕುಳಿತು ಗಾಳಿಯ ದಾರಿಯನ್ನು ಮುಚ್ಚುತ್ತವೆ. ಟಾರ್ಚ್ ಹಿಡಿದು ಒಂದು ಬದಿಯಿಂದ ನೋಡಿದಾಗ ಇನ್ನೊಂದು ಬದಿಗೆ ಬೆಳಕು ಕಾಣದಿದ್ದರೆ, ಆ ಸೆಟ್ ಪೂರ್ಣ ಲೋಡ್‌ನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬಿಸಿಯಾಗಿ ಟ್ರಿಪ್ ಆಗುತ್ತದೆ. ಏರ್ ಫಿಲ್ಟರ್ ಬದಲಿಸುವ ಅವಧಿಯನ್ನು ಪುಸ್ತಿಕೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕು.

ಸ್ಟ್ಯಾಂಡ್‌ಬೈ ರೇಟಿಂಗ್, ಪ್ರೈಮ್ ರೇಟಿಂಗ್ ಎಂದರೇನು?

ಸ್ಟ್ಯಾಂಡ್‌ಬೈ ಎಂದರೆ ಅಪರೂಪಕ್ಕೆ ಕರೆಂಟ್ ಹೋದಾಗ ಮಾತ್ರ ಕೊಡಬಹುದಾದ ಗರಿಷ್ಠ ಶಕ್ತಿ. ಅದರ ಮೇಲೆ ಓವರ್‌ಲೋಡ್‌ಗೆ ಅವಕಾಶವಿಲ್ಲ. ಪ್ರೈಮ್ ಎಂದರೆ ಏರಿಳಿಯುವ ಲೋಡ್‌ನಲ್ಲಿ ಗಂಟೆಗಳ ಮಿತಿಯಿಲ್ಲದೆ ಓಡಿಸಬಹುದಾದ ಶಕ್ತಿ. 12 ಗಂಟೆಗೊಮ್ಮೆ ಒಂದು ಗಂಟೆಯ ಮಟ್ಟಿಗೆ ಶೇಕಡಾ 10 ಓವರ್‌ಲೋಡ್ ಅನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ. ಎರಡು ಕೊಟೇಷನ್‌ಗಳನ್ನು ಹೋಲಿಸುವಾಗ ಎರಡರಲ್ಲೂ ಪ್ರೈಮ್ ಸಂಖ್ಯೆಯನ್ನೇ ಕೇಳಿ.

ಯುಪಿಎಸ್, ಕೆಪಾಸಿಟರ್ ಬ್ಯಾಂಕ್ ಮತ್ತು ಸೋಲಾರ್ ಇದ್ದರೆ ಏನು ಮಾಡಬೇಕು?

ಹಳೆಯ ಮಾದರಿಯ ಯುಪಿಎಸ್‌ಗಳು ಕರೆಂಟಿನ ಅಲೆಯನ್ನು ಕೆಡಿಸುವುದರಿಂದ ಅವುಗಳ ಕೆವಿಎಯ ಒಂದೂವರೆಯಿಂದ ಎರಡು ಪಟ್ಟು ಹಿಡಿಯುವುದು ರೂಢಿ. ಅಲೆಯನ್ನು ಅಷ್ಟಾಗಿ ಕೆಡಿಸದ ಐಜಿಬಿಟಿ ರೆಕ್ಟಿಫೈಯರ್ ಇರುವ ಹೊಸ ಯುಪಿಎಸ್‌ಗೆ ಅಷ್ಟು ಬೇಡ.

ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಬ್ಯಾಂಕ್ ಅನ್ನು ಜನರೇಟರ್ ಓಡುವಾಗ ಬಿಡಿಸಿಡಬೇಕು. ಲೋಡ್ ಕಡಿಮೆಯಿರುವಾಗ ಕೆಪಾಸಿಟರ್ ಉಳಿದುಕೊಂಡರೆ ಆಲ್ಟರ್ನೇಟರ್‌ನ ವೋಲ್ಟೇಜ್ ನಿಯಂತ್ರಣ ತಪ್ಪಿ ಏರಿಬಿಡಬಹುದು. ಚೇಂಜ್‌ಓವರ್‌ನ ಸಹಾಯಕ ಕಾಂಟ್ಯಾಕ್ಟ್‌ನಿಂದ ಇದನ್ನು ತಾನಾಗಿ ಆಗುವಂತೆ ಮಾಡಬಹುದು.

ಚಾವಣಿಯ ಸೋಲಾರ್ ಗ್ರಿಡ್‌ಗೆ ಜೋಡಿಸಿದ್ದಾದರೆ ಹೆಚ್ಚು ಎಚ್ಚರ ಬೇಕು. ಜನರೇಟರ್ ಕೊಡುವ ವಿದ್ಯುತ್ತನ್ನೇ ಗ್ರಿಡ್ ಎಂದು ತಿಳಿದು ಸೋಲಾರ್ ಇನ್ವರ್ಟರ್ ಅದರ ಜೊತೆ ಸೇರಿಕೊಳ್ಳುತ್ತದೆ. ಬಿಸಿಲು ಹೆಚ್ಚಿ ಲೋಡ್ ಕಡಿಮೆಯಾದ ಕ್ಷಣ ಹೆಚ್ಚಿನ ವಿದ್ಯುತ್ ಜನರೇಟರ್‌ಗೇ ಹಿಮ್ಮುಖವಾಗಿ ನುಗ್ಗುತ್ತದೆ. ಜನರೇಟರ್ ಮೇಲೆ ಕನಿಷ್ಠ ಶೇಕಡಾ 30 ಲೋಡ್ ಉಳಿಸಿ ಸೋಲಾರ್ ಅನ್ನು ತಗ್ಗಿಸುವ ಕಂಟ್ರೋಲರ್ ಹಾಕಬೇಕು, ಅದಿಲ್ಲದಿದ್ದರೆ ಜನರೇಟರ್ ಓಡುವಾಗ ಸೋಲಾರ್ ಸಂಪರ್ಕ ತಪ್ಪುವಂತೆ ಇಂಟರ್‌ಲಾಕ್ ಇರಬೇಕು.

ಚೇಂಜ್‌ಓವರ್ ಸ್ವಿಚ್ ಇಲ್ಲದೆ ಎರಡು ಬ್ರೇಕರ್‌ಗಳಿಂದ ಕೆಲಸ ನಡೆಸಬಹುದೇ?

ಪರಸ್ಪರ ಇಂಟರ್‌ಲಾಕ್ ಇಲ್ಲದ ಎರಡು ಬ್ರೇಕರ್‌ಗಳಿಂದ ಖಂಡಿತ ನಡೆಸಬಾರದು. ಕರೆಂಟ್ ಹೋದಾಗ ಮೇನ್ಸ್ ಬ್ರೇಕರ್ ತೆಗೆಯಲು ಮರೆತು ಜನರೇಟರ್ ಬ್ರೇಕರ್ ಹಾಕಿದರೆ, ವಿದ್ಯುತ್ ಕಟ್ಟಡದಿಂದ ಹೊರಗೆ ಹರಿದು ಟ್ರಾನ್ಸ್‌ಫಾರ್ಮರ್‌ಗೆ ಹಿಮ್ಮುಖವಾಗಿ ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಆ 415 ವೋಲ್ಟನ್ನು ತನ್ನ ಇನ್ನೊಂದು ಬದಿಯಲ್ಲಿ 11,000 ವೋಲ್ಟ್ ಮಾಡಿ ಲೈನ್‌ಗೆ ಏರಿಸುತ್ತದೆ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗುತ್ತದೆ. ಮನುಷ್ಯನ ನೆನಪಿನ ಮೇಲೆ ಇನ್ನೊಬ್ಬನ ಜೀವವನ್ನು ಇಡಬಾರದು; ಒಂದು ಕಡೆ ಸೇರಿದಾಗ ಇನ್ನೊಂದು ಕಡೆ ಸೇರಲು ಯಾಂತ್ರಿಕವಾಗಿಯೇ ಸಾಧ್ಯವಾಗದ ಸ್ವಿಚ್ ಇರಲೇಬೇಕು. ಇದರಲ್ಲಿ ಉಳಿತಾಯದ ಮಾತೇ ಬೇಡ.

ಕೈಯಿಂದ ತಿರುಗಿಸುವುದು ಸಾಕೇ, ಆಟೋಮ್ಯಾಟಿಕ್ ಬೇಕೇ?

ಹಗಲು ಹೊತ್ತು ಮಾತ್ರ ನಡೆಯುವ, ಯಾವಾಗಲೂ ಒಬ್ಬ ತಿಳಿದವರು ಇರುವ ಸಣ್ಣ ಸಮುಚ್ಚಯಕ್ಕೆ ಲೋಡ್ ಇರುವಾಗಲೇ ತಿರುಗಿಸಬಹುದಾದ ಆನ್-ಲೋಡ್ ಮಾದರಿಯ ಕೈ ಸ್ವಿಚ್ ಸಾಕು. ನರ್ಸಿಂಗ್ ಹೋಮ್, ಲಸಿಕೆ ಅಥವಾ ರಕ್ತದ ಮಾದರಿ ಇಡುವ ಫ್ರಿಜ್, ರಾತ್ರಿ ಅತಿಥಿಗಳಿರುವ ಲಾಡ್ಜ್, ಲಿಫ್ಟ್ ಇರುವ ಕಟ್ಟಡ ಇವುಗಳಿಗೆ ಎಎಂಎಫ್ ಪ್ಯಾನೆಲ್ (ಕರೆಂಟ್ ಹೋದದ್ದನ್ನು ಗುರುತಿಸಿ ಜನರೇಟರನ್ನು ತಾನಾಗಿ ಸ್ಟಾರ್ಟ್ ಮಾಡುವ ಪ್ಯಾನೆಲ್) ಮತ್ತು ಆಟೋಮ್ಯಾಟಿಕ್ ಚೇಂಜ್‌ಓವರ್ ಬೇಕು.

ಎಎಂಎಫ್‌ನ ಸೆಟ್ಟಿಂಗ್‌ಗಳನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಡಬೇಡಿ. ಅದು ಮೂರೂ ಫೇಸ್‌ಗಳನ್ನು ಗಮನಿಸುವಂತಿರಬೇಕು. ಒಂದೇ ಫೇಸ್ ಹೋಗುವ ಘಟನೆ ಹಳ್ಳಿ ಕಡೆಯ ಫೀಡರ್‌ಗಳಲ್ಲಿ ಅಪರೂಪವಲ್ಲ, ಮೋಟಾರ್‌ಗಳು ಸುಡುವುದು ಆಗಲೇ. ಕರೆಂಟ್ ಹೋದ ಮೂರರಿಂದ ಐದು ಸೆಕೆಂಡ್ ಕಾದು ಸ್ಟಾರ್ಟ್ ಮಾಡುವುದು, ಕರೆಂಟ್ ಮರಳಿದ ಮೇಲೆ ಐದರಿಂದ ಹತ್ತು ನಿಮಿಷ ಅದು ಸ್ಥಿರವಾಗಿದೆಯೇ ಎಂದು ನೋಡಿ ಆಮೇಲೆ ಲೋಡ್ ಹಿಂದಿರುಗಿಸುವುದು, ನಂತರ ಮೂರರಿಂದ ಐದು ನಿಮಿಷ ಎಂಜಿನ್ ಅನ್ನು ಬರಿದೇ ಓಡಿಸಿ ತಣಿಸುವುದು ಸೂಕ್ತ ಕ್ರಮ.

ಸ್ವಿಚ್ ಎಷ್ಟು ಆಂಪಿಯರ್‌ನದಾಗಿರಬೇಕು?

ಸ್ವಿಚ್ ಎರಡೂ ಕಡೆಯ ಕರೆಂಟನ್ನು ಹೊರುತ್ತದೆ. ದಿನದ ಹೆಚ್ಚಿನ ಹೊತ್ತು ಅದರ ಮೂಲಕ ಹರಿಯುವುದು ಮೇನ್ಸ್ ಕರೆಂಟೇ ಆದ್ದರಿಂದ, ಜನರೇಟರ್ ಅಳತೆಯೊಂದನ್ನೇ ನೋಡಿ ಸ್ವಿಚ್ ಕೊಳ್ಳುವುದು ಅಪಾಯಕಾರಿ. ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು. 82.5 ಕೆವಿಎ ಸೆಟ್‌ನ ಪೂರ್ಣ ಕರೆಂಟ್ ಸುಮಾರು 115 ಆಂಪಿಯರ್. 60 ಕಿಲೋವ್ಯಾಟ್ ಮೇನ್ಸ್ ಲೋಡ್ 0.9 ಪವರ್ ಫ್ಯಾಕ್ಟರ್‌ನಲ್ಲಿ ಸುಮಾರು 93 ಆಂಪಿಯರ್. 125 ಆಂಪಿಯರ್ ಸ್ವಿಚ್ ಕಾಗದದ ಮೇಲೆ ಹೊಂದುತ್ತದೆಯಾದರೂ, ಬೇಸಿಗೆಯಲ್ಲಿ ಮುಚ್ಚಿದ ಪ್ಯಾನೆಲ್‌ನೊಳಗಿನ ಬಿಸಿ ನೆನೆದರೆ 160 ಆಂಪಿಯರ್‌ನದನ್ನು ಆರಿಸುವುದು ನಮ್ಮ ಸಲಹೆ. ಮೋಟಾರ್ ಮತ್ತು ಎಸಿ ಇರುವ ಮಿಶ್ರ ಲೋಡ್‌ಗೆ ಎಸಿ-33 ಬಳಕೆ ವರ್ಗದ ಸ್ವಿಚ್ ಎಂದು ಆರ್ಡರ್‌ನಲ್ಲಿ ಬರೆಯಿರಿ (ವರ್ಗದ ಹೆಸರಿನಲ್ಲಿರುವ ಎಸಿ ಎಂದರೆ ಹವಾನಿಯಂತ್ರಕವಲ್ಲ, ಪರ್ಯಾಯ ವಿದ್ಯುತ್). ಎಸಿ-31 ವರ್ಗ ಹೀಟರ್‌ನಂಥ ಲೋಡ್‌ಗೆ ಮಾತ್ರ.

ಮೂರು ಪೋಲ್ ಸಾಕೇ, ನಾಲ್ಕು ಪೋಲ್ ಬೇಕೇ?

ನಾಲ್ಕು ಪೋಲ್, ಅಂದರೆ ಮೂರು ಫೇಸ್‌ಗಳ ಜೊತೆ ನ್ಯೂಟ್ರಲ್ ಅನ್ನೂ ಬದಲಿಸುವ ಸ್ವಿಚ್. ಜನರೇಟರ್‌ನ ನ್ಯೂಟ್ರಲ್‌ಗೆ ಅದರದೇ ಅರ್ಥಿಂಗ್ ಇರುವುದರಿಂದ, ಅದು ಮೇನ್ಸ್ ನ್ಯೂಟ್ರಲ್ ಜೊತೆ ಶಾಶ್ವತವಾಗಿ ಸೇರಿಕೊಂಡಿದ್ದರೆ ಕರೆಂಟ್ ಬೇಡದ ದಾರಿಗಳಲ್ಲಿ ಹರಿದು ಅರ್ಥ್ ಲೀಕೇಜ್ ಬ್ರೇಕರ್‌ಗಳು ಕಾರಣವಿಲ್ಲದೆ ಟ್ರಿಪ್ ಆಗುತ್ತವೆ. ಜನರೇಟರ್‌ನ ನ್ಯೂಟ್ರಲ್‌ಗೆ ಎರಡು, ಅದರ ಲೋಹದ ಮೈಗೆ ಎರಡು, ಹೀಗೆ ನಾಲ್ಕು ಅರ್ಥ್ ಪಿಟ್ ತೋಡಿಸಬೇಕು. ಕಲ್ಲುನೆಲದಲ್ಲಿ ಬೇಸಿಗೆಗೆ ಪಿಟ್ ಒಣಗಿ ರೋಧ ಏರುತ್ತದೆ, ಆದ್ದರಿಂದ ಅಳತೆಯನ್ನು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ ಮಾಡಿಸಿ.

ಸೆಟ್ ಎಲ್ಲಿಡಬೇಕು, ಚಿಮಣಿ ಎಷ್ಟು ಎತ್ತರ, ಡೀಸೆಲ್ ಎಷ್ಟು ಇಡಬಹುದು?

ಬಿಸಿಗಾಳಿ ಹೊರಹೋಗಲು ನೇರ ದಾರಿಯಿಲ್ಲದ ಬೇಸ್‌ಮೆಂಟ್‌ನಲ್ಲಿ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಚಿಮಣಿಯ ಎತ್ತರಕ್ಕೆ ಸೂತ್ರವಿದೆ: ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ 0.2 ಪಟ್ಟನ್ನು ಮೀಟರ್‌ಗಳಲ್ಲಿ ಸೇರಿಸಬೇಕು. 82.5 ಕೆವಿಎಗೆ ಅದು ಕಟ್ಟಡದ ಮೇಲೆ ಸುಮಾರು 1.8 ಮೀಟರ್. ಕ್ಯಾನೊಪಿಯಿಂದ ಒಂದು ಮೀಟರ್ ದೂರದಲ್ಲಿ ಶಬ್ದ 75 ಡೆಸಿಬಲ್ ಮೀರಬಾರದು. ಡೀಸೆಲ್ ಅನ್ನು ಪರವಾನಗಿಯಿಲ್ಲದೆ ಒಟ್ಟು 2500 ಲೀಟರ್‌ವರೆಗೆ, ಯಾವ ಪಾತ್ರೆಯೂ 1000 ಲೀಟರ್ ಮೀರದಂತೆ ಇಡಬಹುದು. ವಾಣಿಜ್ಯ ಕಟ್ಟಡದಲ್ಲಿ ಅಷ್ಟು ಇಡುವ ಅಗತ್ಯವೂ ಇರುವುದಿಲ್ಲ. ಚೆನ್ನಾಗಿ ಲೋಡ್ ಇರುವ ಸೆಟ್ ಲೀಟರ್‌ಗೆ ಮೂರರಿಂದ ಮೂರೂವರೆ ಯೂನಿಟ್ ಕೊಡುತ್ತದೆ ಎಂದು ಹಿಡಿದರೆ, ನಮ್ಮ ಉದಾಹರಣೆಯ ಕಟ್ಟಡಕ್ಕೆ ಎಂಟು ಗಂಟೆಗೆ 120ರಿಂದ 140 ಲೀಟರ್ ಬೇಕು. ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಅನುಮೋದನೆ ನಿಮ್ಮ ಸೆಟ್‌ಗೆ ಬೇಕೇ ಎಂಬುದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಖರೀದಿಗೆ ಮೊದಲೇ ಕೇಳಿ ತಿಳಿಯಿರಿ.

ಹಸ್ತಾಂತರದ ದಿನ ಏನನ್ನು ಪರೀಕ್ಷಿಸಿ ನೋಡಬೇಕು?

ಬರೀ ಸ್ಟಾರ್ಟ್ ಮಾಡಿ ತೋರಿಸಿದರೆ ಒಪ್ಪಬೇಡಿ. ಎಲ್ಲ ಎಸಿ ಹಾಕಿಸಿ, ಲಿಫ್ಟ್ ಓಡಿಸಿ, ನಡು ಮಧ್ಯಾಹ್ನ ಮೇನ್ಸ್ ಬ್ರೇಕರ್ ಇಳಿಸಲು ಹೇಳಿ. ಲೋಡ್ ಬಂದ ಮೇಲೆ ದೊಡ್ಡ ಪಂಪ್ ಸ್ಟಾರ್ಟ್ ಮಾಡಿಸಿ ವೋಲ್ಟ್‌ಮೀಟರ್ ಎಷ್ಟಕ್ಕೆ ಇಳಿಯಿತು, ಎಷ್ಟು ಬೇಗ ಮರಳಿತು ನೋಡಿ ಬರೆದುಕೊಳ್ಳಿ. ಎರಡು ಗಂಟೆ ಹಾಗೆಯೇ ಓಡಿಸಿ, ನೀರಿನ ತಾಪಮಾನ ಮತ್ತು ಮೂರು ಫೇಸ್‌ಗಳ ಕರೆಂಟನ್ನು ಅರ್ಧ ಗಂಟೆಗೊಮ್ಮೆ ದಾಖಲಿಸಿ. ನಂತರ ಒಂದು ಫೇಸ್‌ನ ಫ್ಯೂಸ್ ಮಾತ್ರ ತೆಗೆಸಿ ಎಎಂಎಫ್ ಅದನ್ನು ಗುರುತಿಸುತ್ತದೆಯೇ ಎಂದು ಪರೀಕ್ಷಿಸಿ. ಜನರೇಟರ್ ಓಡುತ್ತಿರುವಾಗ ಇಳಿಸಿದ ಮೇನ್ಸ್ ಬ್ರೇಕರ್‌ನ ಕಟ್ಟಡದ ಕಡೆಯ ಟರ್ಮಿನಲ್‌ಗಳಲ್ಲಿ ಟೆಸ್ಟರ್ ಇಟ್ಟು ಅಲ್ಲಿ ಸ್ವಲ್ಪವೂ ವೋಲ್ಟೇಜ್ ಇಲ್ಲವೆಂದು ಗುತ್ತಿಗೆದಾರರು ನಿಮ್ಮ ಎದುರೇ ತೋರಿಸಬೇಕು. ಈ ಎಲ್ಲ ಅಳತೆಗಳಿರುವ ಹಾಳೆಗೆ ಅವರ ಸಹಿ ಬಿದ್ದ ಮೇಲೆ ಕೊನೆಯ ಕಂತಿನ ಹಣ ಕೊಡಿ.